ಲಕ್ಷದ ಸೈಕಲ್ಲು ಗೋವಾಕ್ಕೆ: ಕಾರು, ರೈಲು, ವಿಮಾನ, ಬಸ್ಸು – ಯಾವುದು ವಾಸಿ?

ಮುಂಬೈ, ಪುಣೆಯ ಕನ್ನಡ ಮನೆಗಳಿಗೆ ರಜೆ ಎಂದರೆ ಒಂದೋ ಊರು, ಇಲ್ಲವೇ ಊರಿಗೆ ಹೋಗುವ ದಾರಿಯಲ್ಲಿ ನಾಲ್ಕು ದಿನ ಗೋವಾ. ಮನೆಮಂದಿ ಎದ್ದು ತಿಂಡಿಗೆ ಕೂರುವುದರೊಳಗೆ ಪಣಜಿ ಹತ್ತಿರದ ಚೋಡಣ, ದಿವಾಡಿ ದ್ವೀಪಗಳ ಕಡೆ ಒಂದು ಸುತ್ತು ತುಳಿದು ಬರಬೇಕೆಂಬ ಆಸೆ ಇರುವವರಿಗೆ ಬಾಡಿಗೆ ಸೈಕಲ್ಲು ಅಷ್ಟಾಗಿ ಒಗ್ಗುವುದಿಲ್ಲ. ಹಾಗೆಂದು ಲಕ್ಷ, ಎರಡು ಲಕ್ಷ ಸುರಿದು ಕೊಂಡ ಕಾರ್ಬನ್ ಸೈಕಲ್ಲನ್ನು ಮಕ್ಕಳು, ಸೂಟ್‌ಕೇಸು, ಊಟದ ಬುತ್ತಿಯ ನಡುವೆ ಸಾಗಿಸುವುದೂ ಹುಡುಗಾಟವಲ್ಲ.

ಎಲ್ಲ ದಾರಿಗಳನ್ನೂ ಪ್ರಯೋಗ ಮಾಡಿ ನೋಡಿದ ಮೇಲೆ ನಾವು ನಂಬಿರುವ ಅಳತೆ ಒಂದೇ: ಮನೆಬಾಗಿಲಿನಿಂದ ಹೋಟೆಲಿನ ಕೋಣೆಯವರೆಗೆ ಸೈಕಲ್ಲು ಎಷ್ಟು ಜನರ ಕೈ ದಾಟುತ್ತದೆ, ಎಷ್ಟು ಹೊತ್ತು ನಿಮ್ಮ ಕಣ್ಣಿಗೆ ಮರೆಯಾಗಿರುತ್ತದೆ. ಟಿಕೆಟ್ಟು, ಪೆಟ್ರೋಲಿನ ಲೆಕ್ಕ ಆಮೇಲೆ. ಈ ಅಳತೆಯಲ್ಲಿ ಸ್ವಂತ ಕಾರಿನ ಒಳಗೆ ಚಕ್ರ ಬಿಚ್ಚಿ ಮಲಗಿಸಿದ ಸೈಕಲ್ಲಿಗೆ ಸಾಟಿ ಇಲ್ಲ. ಆದರೆ ಎಲ್ಲರ ಕಾರಿನಲ್ಲೂ ಆ ಜಾಗ ಇರುವುದಿಲ್ಲ, ತೊಡಕು ಇರುವುದೇ ಅಲ್ಲಿ.

ಕಾರಿನ ಒಳಗೆ

ನಾಲ್ಕು ಜನಕ್ಕೆ ಎರ್ಟಿಗಾ, ಇನ್ನೋವಾದಂಥ ಮೂರು ಸಾಲಿನ ಗಾಡಿ ಇದ್ದರೆ ತಲೆಬಿಸಿಯೇ ಬೇಡ. ಕೊನೆಯ ಸಾಲು ಮಡಚಿದರೆ ಒಂದು ಸೈಕಲ್ಲು, ಅದರ ಪಕ್ಕಕ್ಕೆ ಎರಡು ಸೂಟ್‌ಕೇಸು ಕೂರುತ್ತವೆ. ಹ್ಯಾಚ್‌ಬ್ಯಾಕಿನಲ್ಲಿ ಹಿಂದಿನ ಸೀಟು 60:40 ಮಡಚುವಂತಿದ್ದರೆ ಸಣ್ಣ ಭಾಗ ಮಡಚಿ ನಾಲ್ವರು ಕೂರಬಹುದು, ಸೈಕಲ್ಲೂ ಹಿಡಿಸುತ್ತದೆ; ಬಟ್ಟೆಬರೆಗೆ ಮಾತ್ರ ಜಾಗ ಉಳಿಯುವುದಿಲ್ಲ. ಚಕ್ರ ತೆಗೆದ ಫ್ರೇಮು ಸುಮಾರು ಒಂದು ಮೀಟರ್ ಉದ್ದ, ಟೈರು ಸಮೇತ 700ಸಿ ಚಕ್ರ ಸುಮಾರು 68 ಸೆಂ.ಮೀ. ವ್ಯಾಸ. ಹೊರಡುವ ಹಿಂದಿನ ರಾತ್ರಿ ಖಾಲಿ ಕಾರಿನಲ್ಲಿ ಅಲ್ಲ, ಸಾಮಾನೆಲ್ಲ ತುಂಬಿಸಿಯೇ ಒಮ್ಮೆ ಇಟ್ಟು ನೋಡಿ.

ಬಿಚ್ಚುವಾಗ ಕ್ರಮ ಮುಖ್ಯ. ಮೊದಲು ಚೈನನ್ನು ಹಿಂದಿನ ಅತಿ ಚಿಕ್ಕ ಹಲ್ಲುಚಕ್ರಕ್ಕೆ ತನ್ನಿ, ಆಮೇಲೆ ಹಿಂದಿನ ಚಕ್ರ ತೆಗೆಯಿರಿ. ಥ್ರೂ ಆಕ್ಸಲನ್ನು (ಚಕ್ರದ ನಡುವೆ ತೂರಿಸಿ ತಿರುಪುವ ಕಡ್ಡಿ) ಬ್ಯಾಗಿಗೆ ಹಾಕಬೇಡಿ, ಮುಂದಿನ ಚಕ್ರ ಹಿಡಿಯುವ ಫೋರ್ಕಿಗೂ ಫ್ರೇಮಿಗೂ ವಾಪಸ್ ತಿರುಗಿಸಿಬಿಡಿ. ಕಳೆಯುವ ಭಯವೂ ಇಲ್ಲ, ಫೋರ್ಕಿನ ತುದಿ ಒಳಕ್ಕೆ ಅದುಮಿಕೊಳ್ಳುವುದೂ ಇಲ್ಲ. ಚಕ್ರಕ್ಕೆ ಕ್ವಿಕ್ ರಿಲೀಸ್ ಹಿಡಿ ಇರುವ ಸೈಕಲ್ಲಾದರೆ ಫೋರ್ಕಿನ ತುದಿಗಳ ನಡುವೆ ಪ್ಲಾಸ್ಟಿಕ್ ಸ್ಪೇಸರ್ ಬೇಕು. ಹೊಸ ಸೈಕಲ್ಲಿನ ಡಬ್ಬದಲ್ಲಿ ಅದು ಬಂದೇ ಬರುತ್ತದೆ, ಅಂಗಡಿಯವರು ಕಸಕ್ಕೆ ಹಾಕುತ್ತಾರೆ. ಕೇಳಿದರೆ ಪುಕ್ಕಟೆ ಕೊಡುತ್ತಾರೆ.

ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಪ್ಯಾಡುಗಳ ನಡುವೆ ಸ್ಪೇಸರ್ ಸಿಕ್ಕಿಸುವುದನ್ನು ಮಾತ್ರ ಮರೆಯಲೇಬಾರದು. ದಾರಿಯಲ್ಲಿ ಮಗುವಿನ ಕಾಲೋ ಬ್ಯಾಗಿನ ಹಿಡಿಯೋ ಲಿವರನ್ನು ಒತ್ತಿತೆಂದರೆ ಪಿಸ್ಟನ್‌ಗಳು ಮುಂದಕ್ಕೆ ಬಂದು ಪ್ಯಾಡುಗಳು ಕೂಡಿಕೊಳ್ಳುತ್ತವೆ, ಡಿಸ್ಕು ಒಳಗೆ ಹೋಗುವುದೇ ಇಲ್ಲ. ಆಗ ಪ್ಯಾಡುಗಳ ನಡುವೆ ಟೈರ್ ಲಿವರ್ ತೂರಿಸಿ ನಿಧಾನವಾಗಿ ಹಿಂದಕ್ಕೆ ತಳ್ಳಬೇಕು. ಸ್ಕ್ರೂಡ್ರೈವರ್ ಹಾಕಿದರೆ ಪ್ಯಾಡಿಗೆ, ಸೆರಾಮಿಕ್ ಪಿಸ್ಟನ್ನಿಗೆ ಪೆಟ್ಟು.

ಫ್ರೇಮನ್ನು ಚೈನಿನ ಬದಿ ಮೇಲಕ್ಕೆ ಬರುವಂತೆ ಹಳೆ ಬೆಡ್‌ಶೀಟಿನ ಮೇಲೆ ಮಲಗಿಸಿ. ಗೇರು ಬದಲಿಸುವ ಹಿಂದಿನ ಡಿರೇಲರನ್ನು 5 ಎಂ.ಎಂ. ಅಲೆನ್ ಕೀಲಿಯಿಂದ ಬಿಚ್ಚಿ, ಬಟ್ಟೆ ಸುತ್ತಿ, ಫ್ರೇಮಿನ ಒಳಬದಿಗೆ ಕಟ್ಟಿ. ಎರಡು ನಿಮಿಷದ ಈ ಕೆಲಸ ತಪ್ಪಿಸಿದವರೇ ಹ್ಯಾಂಗರ್ (ಡಿರೇಲರನ್ನು ಫ್ರೇಮಿಗೆ ಹಿಡಿಸುವ ತುಂಡು) ಬಗ್ಗಿಸಿಕೊಳ್ಳುವುದು. ಫ್ರೇಮಿನ ಕೊಳವೆಗಳಿಗೆ ಸುತ್ತಲು ಎ.ಸಿ.ಯ ತಾಮ್ರದ ಪೈಪಿಗೆ ಹಾಕುವ ಕಪ್ಪು ಫೋಮಿನ ಕೊಳವೆಗಿಂತ ಒಳ್ಳೆಯದು ಇಲ್ಲ, ಫ್ರಿಡ್ಜ್–ಎ.ಸಿ. ಬಿಡಿಭಾಗದ ಅಂಗಡಿಯಲ್ಲಿ ಆರಡಿ ಉದ್ದದ ತುಂಡು ಸಿಗುತ್ತದೆ, ಉದ್ದಕ್ಕೆ ಸೀಳಿ ಹಾಕಿದರಾಯಿತು. ಬಿಡಿ ಚಕ್ರಗಳನ್ನು ಸೀಟ್ ಬೆಲ್ಟಿನಿಂದಲೋ ಪಟ್ಟಿಯಿಂದಲೋ ಬಿಗಿದು ಕಟ್ಟಿ. ಘಾಟಿನಲ್ಲಿ ಗಕ್ಕನೆ ಬ್ರೇಕ್ ಹಾಕಿದಾಗ ಕಟ್ಟದ ಚಕ್ರ ಬಂದು ಬಡಿಯುವುದು ಮುಂದೆ ಕೂತವರ ತಲೆಗೆ.

ಕಾರಿನ ಹೊರಗೆ: ಹಿಂದೆಯೋ, ಮೇಲೆಯೋ

ಡಿಕ್ಕಿಯ ಬಾಗಿಲಿಗೆ ಪಟ್ಟಿಯಿಂದ ಕಟ್ಟುವ ರ‍್ಯಾಕು ಅಗ್ಗ, ಹಾಕುವುದೂ ಸುಲಭ. ದುಬಾರಿ ಸೈಕಲ್ಲಿಗೆ ನಾವು ಅದನ್ನು ಶಿಫಾರಸು ಮಾಡುವುದಿಲ್ಲ. ನಮ್ಮ ಹೆಚ್ಚಿನ ಕಾರುಗಳ ಡಿಕ್ಕಿಯ ಮೇಲಂಚಿನಲ್ಲಿ ಪ್ಲಾಸ್ಟಿಕ್ ಸ್ಪಾಯ್ಲರ್ ಇರುತ್ತದೆ, ರ‍್ಯಾಕಿನ ಕೊಕ್ಕೆ ಅದಕ್ಕೆ ಬಿದ್ದರೆ ಸೀಳುತ್ತದೆ. ಸೈಕಲ್ಲು ಫ್ರೇಮಿನ ಮೇಲಿನ ಕೊಳವೆಯಾದ ಟಾಪ್ ಟ್ಯೂಬಿನಲ್ಲಿ ನೇತಾಡುತ್ತದೆ. ಕಾರ್ಬನ್ ಗೋಡೆ ತೆಳುವಾಗಿರುವುದೇ ಅಲ್ಲಿ. ನಂಬರ್ ಪ್ಲೇಟು, ಹಿಂದಿನ ದೀಪ ಮುಚ್ಚುತ್ತವೆ, ಎಚ್.ಎಸ್.ಆರ್.ಪಿ. ಪ್ಲೇಟನ್ನು ಬಿಚ್ಚಿ ರ‍್ಯಾಕಿಗೆ ಕಟ್ಟುವಂತೆಯೂ ಇಲ್ಲ. ಇನ್ನೊಂದು, ಸೈಲೆನ್ಸರಿನ ಬಾಯಿಗೆ ನೇರ ಚಕ್ರ ಬಂದರೆ ಬಿಸಿ ಹೊಗೆಗೆ ಟೈರು, ಕಾರ್ಬನ್ ರಿಮ್ಮು ಎರಡೂ ಕೆಡುತ್ತವೆ. ಅಷ್ಟಾದರೂ ಇದೇ ಗತಿ ಎನ್ನುವವರು ಹೊರಟು 15–20 ಕಿ.ಮೀ. ಆದ ಮೇಲೆ ಒಮ್ಮೆ ನಿಲ್ಲಿಸಿ ಪಟ್ಟಿ ಬಿಗಿ ಮಾಡಿ. ಹೊಸದಾಗಿ ಕಟ್ಟಿದ ಪಟ್ಟಿ ಮೊದಲ ಕೆಲವು ಕಿಲೋಮೀಟರಿನಲ್ಲೇ ಸಡಿಲುವುದು ಹೆಚ್ಚು.

ಮೇಲಿನ ರ‍್ಯಾಕು ಇದಕ್ಕಿಂತ ಎಷ್ಟೋ ಮೇಲು. ಥೂಲೆಯಂಥ ಕಂಪನಿಗಳದ್ದು ನಮ್ಮಲ್ಲೂ ಸಿಗುತ್ತದೆ. ಫ್ರೇಮಿನ ಕೆಳಗಿನ ಓರೆ ಕೊಳವೆಯಾದ ಡೌನ್ ಟ್ಯೂಬನ್ನು ಹಿಡಿಯುವ ಮಾದರಿ ಕಾರ್ಬನ್ನಿಗೆ ಬೇಡ, ಚಕ್ರವನ್ನು ಅಥವಾ ಫೋರ್ಕನ್ನು ಹಿಡಿಯುವ ಮಾದರಿ ತೆಗೆದುಕೊಳ್ಳಿ. ಫೋರ್ಕಿನದಾದರೆ ನಿಮ್ಮ 12×100 ಎಂ.ಎಂ. ಥ್ರೂ ಆಕ್ಸಲಿಗೆ ಅಡಾಪ್ಟರ್ ಇದೆಯೇ ಎಂದು ಕೇಳಿ. ಕಾರಿನ ಜೊತೆಗೇ ಬಂದ ರೂಫ್ ರೇಲು ಬರೀ ಅಲಂಕಾರಕ್ಕೆ ಇರಬಹುದು. ಎಷ್ಟು ಕಿಲೋ ತಡೆಯುತ್ತದೆಂದು ಕಾರಿನ ಪುಸ್ತಕದಲ್ಲಿ ನೋಡದೆ ಅದಕ್ಕೆ ರ‍್ಯಾಕು ಬಿಗಿಯಬೇಡಿ. ಆಮೇಲಿನ ಅಪಾಯ ಎತ್ತರದ್ದು. ಕಾರು, ಸೈಕಲ್ಲು ಸೇರಿ ಎರಡೂವರೆ ಮೀಟರ್ ದಾಟುತ್ತದೆ. ಗೋವಾದ ಹಳ್ಳಿಯ ಓಣಿಗಳಲ್ಲಿ ಹಲಸಿನ ಕೊಂಬೆ, ಹೋಟೆಲಿನ ಕಮಾನು, ನೆಲಮಾಳಿಗೆಯ ಪಾರ್ಕಿಂಗು – ಸುಸ್ತಾಗಿ ತಲುಪಿದ ಹೊತ್ತಿಗೆ ಮೇಲೆ ಸೈಕಲ್ಲಿದೆ ಎಂಬುದೇ ಮರೆತಿರುತ್ತದೆ. ಸ್ಟೀರಿಂಗಿಗೆ ಕೆಂಪು ಬಟ್ಟೆಯ ತುಂಡು ಕಟ್ಟಿಕೊಳ್ಳಿ, ಗೇಟು ಕಂಡಾಗಲೆಲ್ಲ ನೆನಪಾಗುತ್ತದೆ.

ಮಳೆಗಾಲದಲ್ಲಿ ಹೊರಗಿನ ರ‍್ಯಾಕು ಯಾವುದೂ ಬೇಡವೆನ್ನುತ್ತೇವೆ. ಮುಂಬೈಯಿಂದ ಎನ್.ಎಚ್. 66ರಲ್ಲಿ ಆರುನೂರು ಕಿ.ಮೀ. ಹತ್ತಿರದ ದಾರಿ, ಲಾರಿಗಳು ಎರಚುವ ಕೆಂಪು ರಾಡಿ ಚಕ್ರದ ನಡುವಿನ ಹಬ್, ಹ್ಯಾಂಡಲಿನ ಬುಡದ ಹೆಡ್‌ಸೆಟ್ಟಿನ ಬೇರಿಂಗಿನವರೆಗೂ ಇಳಿಯುತ್ತದೆ. ಪುಣೆಯವರು ಕೊಲ್ಲಾಪುರ, ಅಂಬೋಲಿ ಘಾಟಿನ ಮೂಲಕ ಇಳಿಯುವುದು ವಾಸಿ. ಬೆಳಗಾವಿಯಲ್ಲಿ ನೆಂಟರ ಮನೆ ಇದ್ದರೆ ರಾತ್ರಿ ಅಲ್ಲಿ ತಂಗಿ ಚೋರ್ಲಾ ಘಾಟಿನಿಂದ ಇಳಿಯಬಹುದು. ಹಾಗೆ ತಂಗುವಾಗ ಸೈಕಲ್ಲನ್ನು ಕಾರಿನ ಮೇಲೆ ಬಿಟ್ಟು ಮಲಗಬೇಡಿ.

ರೈಲು: ಬ್ರೇಕ್ ವ್ಯಾನೋ, ಬರ್ತೋ

ಕಾರಿಲ್ಲದವರಿಗೆ ಎರಡನೆಯ ಆಯ್ಕೆ ಇದು. ಆದರೆ ರೈಲಿನಲ್ಲಿ ಎರಡು ಬಗೆ, ಎರಡಕ್ಕೂ ಅಜಗಜಾಂತರ.

ಪ್ರಯಾಣದ ಟಿಕೆಟ್ಟು ತೋರಿಸಿ ಲಗೇಜ್ ಆಗಿ ಬುಕ್ ಮಾಡಿದರೆ ಸೈಕಲ್ಲು ಅದೇ ಗಾಡಿಯ ಬ್ರೇಕ್ ವ್ಯಾನಿನಲ್ಲಿ, ಅಂದರೆ ಸಾಮಾನಿನ ಡಬ್ಬಿಯಲ್ಲಿ ಬರುತ್ತದೆ. ಟಿಕೆಟ್ಟಿಲ್ಲದೆ ಪಾರ್ಸೆಲ್ ಮಾಡಿದರೆ ಯಾವ ಗಾಡಿಗೆ ಜಾಗ ಸಿಗುತ್ತದೋ ಅದಕ್ಕೆ. ರಜೆಗೆ ಲಗೇಜೇ ಸರಿ. ನಿಯಮದ ಪ್ರಕಾರ ಗಾಡಿ ಹೊರಡುವ ಅರ್ಧ ಗಂಟೆ ಮೊದಲು ಸಾಮಾನು ಕಚೇರಿಯಲ್ಲಿರಬೇಕು, ವಾಸ್ತವದಲ್ಲಿ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಹೆಸರು, ಫೋನು, ಗಾಡಿ ಸಂಖ್ಯೆ, ಇಳಿಯುವ ನಿಲ್ದಾಣ ಬರೆದ ರಟ್ಟನ್ನು ಎರಡು ಕಡೆ ಕಟ್ಟಿ, ಒಂದು ಹರಿದರೆ ಇನ್ನೊಂದು ಇರುತ್ತದೆ.

ಗಾಡಿಯನ್ನು ಆರಿಸುವುದರಲ್ಲೇ ಅರ್ಧ ಕೆಲಸ. ಮುಂಬೈಯಿಂದ ಮಾಂಡವಿ, ಕೊಂಕಣ ಕನ್ಯಾ ಎರಡೂ ಸಿ.ಎಸ್.ಎಂ.ಟಿ.ಯಲ್ಲಿ ಹುಟ್ಟಿ ಮಡಗಾಂವಿನಲ್ಲಿ ಮುಗಿಯುತ್ತವೆ. ಹತ್ತಿಸಲೂ ಇಳಿಸಲೂ ಸಮಯ ಸಾಕಷ್ಟು. ಊರಿಗೆ ಹೋಗುವವರ ಅಚ್ಚುಮೆಚ್ಚಿನ ಮತ್ಸ್ಯಗಂಧಕ್ಕೆ ಮಡಗಾಂವು ನಡುದಾರಿಯ ನಿಲುಗಡೆ ಮಾತ್ರ. ಥಿವಿಂ, ಕರ್ಮಳಿಯಂಥ ಸಣ್ಣ ನಿಲ್ದಾಣಕ್ಕೆ ಬುಕ್ ಮಾಡಿದರೆ ಕ್ಷಣಹೊತ್ತಿನ ನಿಲುಗಡೆಯಲ್ಲಿ ವ್ಯಾನಿನ ಬಾಗಿಲು ತೆರೆಯದೆ ಸೈಕಲ್ಲು ಮುಂದೆ ಹೋಗಿಬಿಡಬಹುದು. ಪುಣೆಯಿಂದ ಗೋವಾ ಎಕ್ಸ್‌ಪ್ರೆಸ್ಸಿಗೆ ಹಾಕುವವರು ಅದು ಕೊನೆಗೊಳ್ಳುವ ವಾಸ್ಕೋಗೆ ಬುಕ್ ಮಾಡಿ. ಆದರೆ ಅದು ದಿಲ್ಲಿ ಕಡೆಯಿಂದ ತುಂಬಿಕೊಂಡು ಬರುವ ಗಾಡಿ, ಪುಣೆಯಲ್ಲಿ ಹತ್ತಿಸುವುದೇ ಅವಸರದ ಕೆಲಸ. ವಂದೇ ಭಾರತಿನಲ್ಲಿ ಲಗೇಜ್ ವ್ಯಾನೇ ಇಲ್ಲ.

ದುಬಾರಿ ಸೈಕಲ್ಲಿನವರು ಗಮನಿಸಬೇಕಾದ ಇನ್ನೊಂದು ವಿಷಯ ಪರಿಹಾರ. ಬೆಲೆ ಘೋಷಿಸದ ಲಗೇಜಿಗೆ ರೈಲ್ವೆಯ ಹೊಣೆ ಕಿಲೋಗೆ 100 ರೂಪಾಯಿಗೆ ಸೀಮಿತ. ಒಂಬತ್ತು ಕಿಲೋದ ಸೈಕಲ್ಲು ಹೋದರೆ ಒಂಬೈನೂರು ರೂಪಾಯಿ. ಸೈಕಲ್ಲು ಹಗುರವಾದಷ್ಟೂ ಬೆಲೆ ಹೆಚ್ಚು, ಪರಿಹಾರ ಮಾತ್ರ ಕಡಿಮೆ! ಬುಕ್ ಮಾಡುವಾಗಲೇ ಬೆಲೆ ಘೋಷಿಸಿ ಹೆಚ್ಚುವರಿ ಶುಲ್ಕ ಕಟ್ಟಿ, ಸೈಕಲ್ಲಿನ ಬಿಲ್ಲು, ಬಾಟಮ್ ಬ್ರಾಕೆಟ್ಟಿನ (ಕ್ರ್ಯಾಂಕ್ ಕೂರುವ ಜಾಗ) ಅಡಿಯ ಸೀರಿಯಲ್ ನಂಬರಿನ ಫೋಟೊ ಫೋನಿನಲ್ಲಿರಲಿ. ಅಷ್ಟು ಮಾಡಿದರೂ ವ್ಯಾನಿನಲ್ಲಿ ಮೇಲೆ ಏನು ಬೀಳುತ್ತದೆ, ಪಕ್ಕದಲ್ಲಿ ಮೀನಿನ ಪೆಟ್ಟಿಗೆ ಇದೆಯೋ ಎಣ್ಣೆ ಡಬ್ಬ ಇದೆಯೋ ಯಾರೂ ಹೇಳಲಾರರು. ಸ್ಟೀಲು, ಅಲ್ಯೂಮಿನಿಯಂ ಸೈಕಲ್ಲಿಗೆ ಇದು ಪರವಾಗಿಲ್ಲ. ಕಾರ್ಬನ್ನಿಗೆ ಬೇಡ.

ಇನ್ನೊಂದು ಬಗೆ, ಬಿಚ್ಚಿ ಬ್ಯಾಗಿಗೆ ಹಾಕಿ ಬೋಗಿಯೊಳಗೇ ಒಯ್ಯುವುದು. ಪೆಟ್ಟಿಗೆಯ ಮಿತಿ 100×60×25 ಸೆಂ.ಮೀ., ಥರ್ಡ್ ಎ.ಸಿ., ಚೇರ್ ಕಾರಿನಲ್ಲಿ ಅದೂ ಇಲ್ಲ, 55×45×22.5 ಅಷ್ಟೇ. ಹಾಗಾಗಿ ಥರ್ಡ್ ಎ.ಸಿ.ಯಲ್ಲಿ ಟಿ.ಸಿ. ತಕರಾರು ಎತ್ತಿದರೆ ಅವರದೇ ಸರಿ. ಫಸ್ಟ್ ಎ.ಸಿ. ಇರುವ ಗಾಡಿಯಲ್ಲಿ ನಾಲ್ವರಿಗೆ ನಾಲ್ಕು ಬರ್ತಿನ ಕ್ಯಾಬಿನ್ನು ಪೂರಾ ಸಿಕ್ಕಿದರೆ ಬಾಗಿಲು ಹಾಕಿಕೊಂಡು ಸೈಕಲ್ಲಿನ ಜೊತೆಗೇ ಮಲಗಬಹುದು. ತಲೆಗೆ 70 ಕಿಲೋ ಉಚಿತ, ಫ್ರೇಮು ಮತ್ತು ಚಕ್ರ ಬೇರೆ ಬೇರೆ ಬ್ಯಾಗಿನಲ್ಲಿದ್ದರೆ ಅಳತೆಯೂ ಮಿತಿಯ ಹತ್ತಿರಕ್ಕೆ ಬರುತ್ತದೆ. ಕಾರನ್ನು ಬಿಟ್ಟರೆ ನಮಗೆ ನಿಶ್ಚಿಂತೆ ಕೊಟ್ಟಿದ್ದು ಇದೊಂದೇ. ಮಡಚುವ ಸೈಕಲ್ಲಿನವರಿಗೆ ಬಿಚ್ಚುವ ಗೋಜಿಲ್ಲ.

ವಿಮಾನ

ಹಾರುವುದು ಒಂದು ಗಂಟೆ ಚಿಲ್ಲರೆ, ಕಟ್ಟಿ ಬಿಚ್ಚುವುದು ಅದರ ಎರಡರಷ್ಟು. ಮಕ್ಕಳ ಜೊತೆ ನಾಲ್ಕು ದಿನದ ರಜೆಗೆ ಇದು ಲೆಕ್ಕಕ್ಕೆ ಬರುವುದಿಲ್ಲ, ಹತ್ತು ದಿನವಾದರೆ ಯೋಚಿಸಬಹುದು. ಅಂಗಡಿಯಿಂದ ತಂದ ರಟ್ಟಿನ ಡಬ್ಬಕ್ಕೆ ಮೂರು ಕಿಲೋ ಹಿಡಿದರೂ ಒಟ್ಟು ತೂಕ 15 ಕಿಲೋದೊಳಗೆ ನಿಲ್ಲುತ್ತದೆ. ಗಟ್ಟಿ ಕೇಸಿನ ತೂಕವೇ ಹತ್ತು ಕಿಲೋ ದಾಟುತ್ತದೆ. ಕ್ರೀಡಾ ಸಾಮಾನಿನ ಶುಲ್ಕವನ್ನು ಟಿಕೆಟ್ಟಿನ ಜೊತೆಗೇ ಕಟ್ಟಿಬಿಡಿ. ಸಣ್ಣ ಎ.ಟಿ.ಆರ್. ವಿಮಾನವಾದರೆ ಡಬ್ಬದ ಅಳತೆ ಹೇಳಿ ಮೊದಲೇ ಒಪ್ಪಿಗೆ ಪಡೆಯಿರಿ.

ಟೈರಿನ ಗಾಳಿ ಪೂರ್ತಿ ಬಿಡಿ ಎನ್ನುತ್ತಾರೆ. ಒತ್ತಡದ ವ್ಯತ್ಯಾಸ ನಿಜಕ್ಕೂ ನಾಲ್ಕು ಪಿ.ಎಸ್.ಐ. ಆಸುಪಾಸು ಅಷ್ಟೇ, ಟೈರು ಸಿಡಿಯುವ ಮಾತಿಲ್ಲ. ಟ್ಯೂಬ್‌ಲೆಸ್ಸಿನವರು ಪೂರಾ ಬಿಟ್ಟರೆ ಟೈರಿನ ಅಂಚು ಕಳಚಿ ಒಳಗಿನ ಸೀಲಂಟು (ಪಂಕ್ಚರ್ ಮುಚ್ಚುವ ದ್ರವ) ಡಬ್ಬದ ತುಂಬಾ ಸುರಿಯುತ್ತದೆ. ಕೈಗೆ ಮೆತ್ತಗೆ ಹತ್ತುವಂತೆ 20 ಪಿ.ಎಸ್.ಐ. ಉಳಿಸಿದರೆ ಯಾರೂ ಆಕ್ಷೇಪ ಎತ್ತುವುದಿಲ್ಲ. ಡಿಸ್ಕುಗಳನ್ನು ಬಿಚ್ಚಿ ಬಟ್ಟೆಗಳ ನಡುವೆ ಇಡಿ. ಗಾಳಿ ತುಂಬುವ ಸಿ.ಒ.2 ಕಾರ್ಟ್ರಿಜ್ ಮನೆಯಲ್ಲೇ ಬಿಡಿ. ಡಬ್ಬವನ್ನು ವಿಮಾನ ನಿಲ್ದಾಣದ ಒಳಗೇ ತೆರೆದು ನೋಡಿ, ಪೆಟ್ಟು ಕಂಡರೆ ಹೊರಬರುವ ಮುನ್ನವೇ ಬರೆಸಿ. ಉತ್ತರ ಗೋವಾಕ್ಕೆ ಮೋಪಾ, ದಕ್ಷಿಣಕ್ಕೆ ದಾಬೋಳಿ ಹತ್ತಿರ; ಎರಡರಲ್ಲೂ ಡಬ್ಬ ಹಿಡಿಸುವ ದೊಡ್ಡ ಟ್ಯಾಕ್ಸಿಯನ್ನು ಮೊದಲೇ ಹೇಳಿಡಿ.

ಬಸ್ಸು, ಬಾಡಿಗೆ

ಸ್ಲೀಪರ್ ಬಸ್ಸಿನ ಡಿಕ್ಕಿಯಲ್ಲಿ ಸೈಕಲ್ಲು ಹಿಡಿಸುತ್ತದೆ, ಹುಡುಗರು ಇನ್ನೂರು ಮುನ್ನೂರು ಕೇಳುತ್ತಾರೆ. ತೊಂದರೆ ರಾತ್ರಿಯದು: ನೀವು ಮಲಗಿದ ಮೇಲೆ ದಾರಿಯಲ್ಲಿ ಹತ್ತುವ ಪಾರ್ಸೆಲ್ಲುಗಳು ಅದರ ಮೇಲೇ ಬೀಳುತ್ತವೆ. ಹಳೆಯ ಗೇರ್ ಸೈಕಲ್ಲಿಗೆ ಸಾಕು.

ಎರಡೇ ಬೆಳಗಿನ ಸವಾರಿಗೆ ಇಷ್ಟೆಲ್ಲ ಬೇಡವೆನಿಸಿದರೆ ಗೋವಾದಲ್ಲೇ ಬಾಡಿಗೆಗೆ ತೆಗೆದುಕೊಂಡು, ನಿಮ್ಮ ಪೆಡಲು, ಸೀಟು ಮಾತ್ರ ಒಯ್ಯಿರಿ. ಸೀಟಿನ ಎತ್ತರವನ್ನು ಕ್ರ್ಯಾಂಕಿನ ನಡುವಿನಿಂದ ಸೀಟಿನ ಮೇಲ್ಮೈವರೆಗೆ ಅಳೆದು ಬರೆದುಕೊಂಡಿದ್ದರೆ ಮಂಡಿ ನೋವು ಬರುವುದಿಲ್ಲ. ಎಡ ಪೆಡಲಿನ ತಿರುಪು ಉಲ್ಟಾ, ನೆನಪಿರಲಿ.

ತಲುಪಿದ ಮೇಲೆ

ಕೋಣೆ ಕಾದಿರಿಸುವಾಗಲೇ ಸೈಕಲ್ಲನ್ನು ಒಳಗೆ ಇಡಲು ಬಿಡುತ್ತಾರೆಯೇ ಎಂದು ಫೋನಿನಲ್ಲಿ ಕೇಳಿ. ಚಕ್ರ ಹಾಕುವಾಗ ಸೈಕಲ್ಲನ್ನು ನೆಲದ ಮೇಲೆ ನಿಲ್ಲಿಸಿಯೇ ಆಕ್ಸಲ್ ಬಿಗಿಯಿರಿ, ಮಲಗಿಸಿ ಬಿಗಿದರೆ ಚಕ್ರ ಓರೆ ಕೂತು ಡಿಸ್ಕು ಉಜ್ಜುತ್ತದೆ. ಬ್ರೇಕ್ ಲಿವರನ್ನು ಹತ್ತು ಸಲ ಒತ್ತಿ ಗಟ್ಟಿಯಾಗಿದೆಯೇ ನೋಡಿ. ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್ಮಿನ ಬೋಲ್ಟುಗಳಿಗೆ ಹೆಚ್ಚಿನವುಗಳಲ್ಲಿ 5 ನ್ಯೂಟನ್ ಮೀಟರ್ ಬಿಗಿತ ಸಾಕು, ಅಂಕಿ ಅಲ್ಲೇ ಅಚ್ಚಾಗಿರುತ್ತದೆ. ಕೈ ಅಂದಾಜು ಕಾರ್ಬನ್ನಿಗೆ ಬೇಡ.

ಮರಳಿನ ಮೇಲೆ ಓಡಿಸಬೇಡಿ. ಕಡಲ ಗಾಳಿಯ ಉಪ್ಪಿಗೆ ಚೈನು, ಬೋಲ್ಟಿನ ತಲೆ ಎರಡೇ ದಿನಕ್ಕೆ ಕಂದು ಬಣ್ಣಕ್ಕೆ ತಿರುಗುತ್ತವೆ. ಪ್ರತಿ ಸವಾರಿಯ ನಂತರ ಒಂದು ಬಕೆಟ್ ಸಿಹಿನೀರನ್ನು ಚೊಂಬಿನಿಂದ ಸುರಿದು, ಒರೆಸಿ, ಚೈನಿಗೆ ಎಣ್ಣೆ ಬಿಡಿ. ಪೈಪಿನ ರಭಸದ ನೀರು ಬೇರಿಂಗಿನೊಳಗೆ ನುಗ್ಗುತ್ತದೆ.

ಮೊದಲ ಸವಾರಿಗೆ ಮುನ್ನ ಗೇರುಗಳನ್ನೆಲ್ಲ ಒಮ್ಮೆ ಹಾಕಿ ನೋಡಿ, ದೊಡ್ಡ ಹಲ್ಲುಚಕ್ರಕ್ಕೆ ಮಾತ್ರ ಕೈಯಿಂದ ಕ್ರ್ಯಾಂಕ್ ತಿರುಗಿಸುತ್ತ ನಿಧಾನವಾಗಿ. ಡಿರೇಲರ್ ಕಡ್ಡಿಗಳ ಹತ್ತಿರ ಬಂದರೆ ಹ್ಯಾಂಗರ್ ಬಗ್ಗಿದೆ ಎಂದರ್ಥ, ಆ ಗೇರಿನಲ್ಲಿ ತುಳಿದರೆ ಚಕ್ರವೇ ಹೋಗುತ್ತದೆ. ಹ್ಯಾಂಗರ್ ಫ್ರೇಮಿನಿಂದ ಫ್ರೇಮಿಗೆ ಬೇರೆ. ಮಾಪ್ಸಾದಲ್ಲಾಗಲಿ ಮಡಗಾಂವಿನಲ್ಲಾಗಲಿ ನಿಮ್ಮದೇ ಮಾದರಿ ಸಿಗುವ ಭರವಸೆ ಇಲ್ಲ. ಹೊರಡುವ ತಿಂಗಳ ಮೊದಲೇ ಒಂದನ್ನು ತರಿಸಿ ಸೀಟಿನ ಕೆಳಗಿನ ಚೀಲದಲ್ಲಿ ಹಾಕಿಡಿ.