ತಿಲಕವಾಡಿಯಲ್ಲಿ ಮಗನ ಅಸೆಸ್‌ಮೆಂಟ್: ನಿಧಾನ ಆದರೂ ನಂಬಬಹುದು

ಮಕ್ಕಳ ಓದು-ಬರಹದ ತೊಂದರೆಗೆ ಬೆಳಗಾವಿಯಲ್ಲಿ ಎಲ್ಲಿ ತೋರಿಸಬೇಕು ಅಂತ ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತಿಲಕವಾಡಿ ಮೊದಲನೇ ಗೇಟ್ ಹತ್ತಿರ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಮೇಡಂ ಇದ್ದಾರೆ, ಅವರ ಹತ್ತಿರ ಮಗನ ಅಸೆಸ್‌ಮೆಂಟ್ ಮಾಡಿಸಿದೆವು. ಅವನು ನಾಲ್ಕನೇ ಕ್ಲಾಸು. ಬಾಯಲ್ಲಿ ಕೇಳಿದರೆ ಪಾಠ ಪೂರ್ತಿ ಹೇಳುತ್ತಾನೆ, ಬರೆಯಲು ಕೂತರೆ ಅರ್ಧ ಅಕ್ಷರ ಬಿಟ್ಟುಹೋಗುತ್ತವೆ.

ಮುಂಚೆ ಬೇರೊಂದು ಸೆಂಟರ್‌ಗೆ ಹೋಗಿದ್ದೆವು, ಹೆಸರು ಬೇಡ. ಕಂಪ್ಯೂಟರ್ ಮುಂದೆ ಕೂರಿಸಿ, ಒಂದು ಗಂಟೆಯೊಳಗೆ ಐಕ್ಯೂ ನಂಬರ್ ಪ್ರಿಂಟ್ ಕೊಟ್ಟು, ಬುದ್ಧಿ ಸ್ವಲ್ಪ ಕಡಿಮೆ ಅಂದುಬಿಟ್ಟರು. ಟೆಸ್ಟ್ ಪೂರ್ತಿ ಇಂಗ್ಲಿಷ್. ನಮ್ಮ ಮನೆಯಲ್ಲಿ ಕನ್ನಡ, ಓಣಿಯಲ್ಲಿ ಆಡುವುದು ಮರಾಠಿಯಲ್ಲಿ, ಇಂಗ್ಲಿಷ್ ಬರೀ ಶಾಲೆಯಲ್ಲಿ. ಇದನ್ನೆಲ್ಲ ಕೇಳದೆ ಮಗುವಿಗೆ ಹಣೆಪಟ್ಟಿ ಹಚ್ಚಬಹುದಾ? ನನಗೆ ಈಗಲೂ ಸಿಟ್ಟು ಬರುತ್ತದೆ.

ಈ ಮೇಡಂ ಮೊದಲ ದಿನ ಒಂದೂ ಟೆಸ್ಟ್ ಮಾಡಲಿಲ್ಲ. ಹೆರಿಗೆ ಹೇಗಾಯಿತು, ಹುಟ್ಟಿದ ಕೂಡಲೇ ಅತ್ತನಾ, ಯಾವಾಗ ನಡೆದ, ಯಾವಾಗ ಮಾತಾಡಿದ, ಫಿಟ್ಸ್ ಬಂದಿತ್ತಾ, ಮನೆತನದಲ್ಲಿ ಇನ್ಯಾರಿಗಾದರೂ ಓದು ಕಷ್ಟ ಇತ್ತಾ, ನಿದ್ದೆ ಹೇಗೆ, ಶಾಲೆ ಬದಲಾಯಿತಾ, ಟ್ಯೂಷನ್ ಎಷ್ಟು ದಿನದಿಂದ ಅಂತ ಒಂದೊಂದೇ ಕೇಳಿ ಬರೆದುಕೊಂಡರು. ಮಗನನ್ನು ಬೇರೆಯಾಗಿ ಕರೆದು "ಏನಪಾ, ನಿನಗ ಯಾವ ಆಟ ಭಾಳ ಸೇರ್ತದ?" ಅಂತ ಶುರು ಮಾಡಿದರು. ಕಣ್ಣು, ಕಿವಿ ಟೆಸ್ಟ್ ಮಾಡಿಸಿಕೊಂಡು ಬಂದ ಮೇಲೇ ಮುಂದಿನದು ಅಂದರು. ಬೋರ್ಡ್ ಸರಿಯಾಗಿ ಕಾಣದ ಮಗುವೂ ತಪ್ಪು ಬರೆಯುತ್ತದೆ, ಅಲ್ವಾ?

ಟೆಸ್ಟ್‌ಗಳನ್ನು ಬೇರೆ ಬೇರೆ ದಿನ ಮಾಡಿದರು. ಐಕ್ಯೂಗೆ ಮಿಸಿಕ್, ಅದು ಭಾರತದ ಮಕ್ಕಳಿಗೆ ಹೊಂದಿಸಿದ ಟೆಸ್ಟ್. ಅದರಲ್ಲಿ ಬಾಯಿಂದ ಉತ್ತರ ಹೇಳುವ ಭಾಗ ಬೇರೆ, ಕೈಯಿಂದ ಚೂರು ಜೋಡಿಸುವಂಥ ಭಾಗ ಬೇರೆ ಇದೆ. ಆಮೇಲೆ ಓದು, ಸ್ಪೆಲ್ಲಿಂಗ್, ಬರವಣಿಗೆ, ಲೆಕ್ಕ, ಗಮನ ಎಲ್ಲವನ್ನೂ ನೋಡುವ ನಿಮ್ಹಾನ್ಸ್ ಬ್ಯಾಟರಿ, ಅಂದರೆ ಬೆಂಗಳೂರಿನ ನಿಮ್ಹಾನ್ಸ್‌ನವರು ಮಾಡಿದ ಟೆಸ್ಟ್‌ಗಳ ಗುಂಪು. ಸೂಚನೆ ಅವನಿಗೆ ತಿಳಿಯುವ ಕನ್ನಡದಲ್ಲೇ ಕೊಟ್ಟರು. ಪಕ್ಕದಲ್ಲೇ ಕೂತು ಪೆನ್ಸಿಲ್ ಹೇಗೆ ಹಿಡಿಯುತ್ತಾನೆ, ಎಲ್ಲಿ ಅಳಿಸುತ್ತಾನೆ, ಯಾವಾಗ ಕೈಚೆಲ್ಲುತ್ತಾನೆ ಅನ್ನುವುದನ್ನೂ ಬರೆದುಕೊಳ್ಳುತ್ತಿದ್ದರು. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆ, ಇರಬಹುದಾ ಅಂತ ನೋಡಲು ಕ್ಲಾಸ್ ಟೀಚರ್‌ಗೂ ಒಂದು ಫಾರ್ಮ್ ಕಳಿಸಿದರು, ಯಾಕೆಂದರೆ ಆ ಲಕ್ಷಣ ಮನೆಯಲ್ಲಿ ಮಾತ್ರ ಕಂಡರೆ ಸಾಲದು, ಶಾಲೆಯಂಥ ಇನ್ನೊಂದು ಕಡೆಯೂ ಕಾಣಬೇಕು.

ಕೊನೆಗೆ ಗೊತ್ತಾಗಿದ್ದು: ಬುದ್ಧಿ ಸರಾಸರಿಯಲ್ಲೇ ಇದೆ, ಎಡಿಎಚ್‌ಡಿ ಇಲ್ಲ, ಬರವಣಿಗೆಯಲ್ಲಿ ಕಲಿಕೆಯ ನ್ಯೂನತೆ ಇದೆ. ಇದಕ್ಕೆ ಎಸ್‌ಎಲ್‌ಡಿ (ಸ್ಪೆಸಿಫಿಕ್ ಲರ್ನಿಂಗ್ ಡಿಸಬಿಲಿಟಿ) ಅಂತಾರೆ. ಇಂಥ ತೊಂದರೆಗಳನ್ನು ಗುರುತಿಸಲು ತಜ್ಞರು ಬಳಸುವ ಡಿಎಸ್‌ಎಂ-5 ಅನ್ನುವ ಕೈಪಿಡಿ ಪ್ರಕಾರ, ಸಹಾಯ ಕೊಟ್ಟರೂ ಕಡಿಮೆ ಅಂದರೆ 6 ತಿಂಗಳು ತೊಂದರೆ ಉಳಿದಿರಬೇಕಂತೆ, ಅದಕ್ಕೇ ಟ್ಯೂಷನ್ ವಿಷಯ ಅಷ್ಟು ಕೆದಕಿ ಕೇಳಿದ್ದು. "ಬರೇ ನಂಬರ್ ನೋಡಿ ಹೆಸರು ಇಡೂದಲ್ಲರಿ, ಬ್ಯಾರೆ ಕಾರಣ ಒಂದೊಂದ ತೆಗದ ಮ್ಯಾಲೆ ಏನ್ ಉಳೀತದ ನೋಡಬೇಕು" ಅಂದರು. ಈ ತಾಳ್ಮೆಗಾಗಿಯೇ ನಾನು ಇವರ ಹತ್ತಿರ ಹೋಗಿ ಅಂತ ಹೇಳುವುದು.

ಕೊರತೆಗಳೂ ಇವೆ. ಅಪಾಯಿಂಟ್‌ಮೆಂಟ್ ಬೇಗ ಸಿಗಲ್ಲ. ರಿಪೋರ್ಟ್ ಹೇಳಿದ ದಿನಕ್ಕೆ ಬರಲಿಲ್ಲ, ಬಂದಿದ್ದೂ ಇಂಗ್ಲಿಷಿನಲ್ಲಿ. ಆದರೆ ನಮ್ಮಿಬ್ಬರನ್ನೂ ಕೂರಿಸಿ ಒಂದೊಂದು ಸಾಲನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದರು. ಮೇಲಿನ ಮಹಡಿ, ಲಿಫ್ಟ್ ಇಲ್ಲ, ವಯಸ್ಸಾದವರಿಗೆ ಕಷ್ಟ. ಎಲ್ಲಾ ಸೇರಿ ಐದು ಸಾವಿರದ ಒಳಗೆ ಆಯಿತು.

ಇವರು ಮಾತ್ರೆ ಬರೆಯಲ್ಲ, ಅದು ಸೈಕಿಯಾಟ್ರಿಸ್ಟ್, ಅಂದರೆ ಮನೋವೈದ್ಯರ ಕೆಲಸ. ಬೇಕಾದವರನ್ನು ಧಾರವಾಡದ ಸರಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕಳಿಸುತ್ತಾರೆ. ಎಸ್‌ಎಲ್‌ಡಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ, ಆದರೆ ಅಂಗವೈಕಲ್ಯದ ಸರ್ಟಿಫಿಕೇಟ್‌ಗೆ ಖಾಸಗಿ ರಿಪೋರ್ಟ್ ಒಂದೇ ಸಾಲದು, ಸರಕಾರಿ ಆಸ್ಪತ್ರೆಯ ಮೂಲಕವೇ ಹೋಗಬೇಕು. ಎಲ್ಲಿಗೇ ಹೋದರೂ, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನು ನೋಂದಾಯಿಸುವ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಇದೆಯಾ ಅಂತ ಸಂಕೋಚವಿಲ್ಲದೆ ಕೇಳಿ. ಮಗುವಿನ ಹಳೇ ನೋಟ್‌ಬುಕ್ ಒಂದೂ ರದ್ದಿಗೆ ಹಾಕದೆ ತಗೊಂಡು ಹೋಗಿ. ಟೈಮ್ ಬೆಳಿಗ್ಗೆಯದ್ದೇ ಕೇಳಿ, ಶಾಲೆ ಮುಗಿಸಿ ದಣಿದ ಮಗುವನ್ನು ಟೆಸ್ಟ್‌ಗೆ ಕೂರಿಸಬೇಡಿ.