ಕರಾವಳಿಯಲ್ಲಿ ರೀಫ್ ಟ್ಯಾಂಕ್ ಇಟ್ಟಿದ್ದೀರಾ? ಬರೀ ಫ್ಯಾನ್ ನಂಬಬೇಡಿ

ಬೆಂಗಳೂರು, ಮೈಸೂರಿನವರು ರೀಫ್ ಟ್ಯಾಂಕಿಗೆ, ಅಂದರೆ ಸಮುದ್ರದ ಮೀನು, ಹವಳ ಸಾಕುವ ಉಪ್ಪುನೀರಿನ ಟ್ಯಾಂಕಿಗೆ, ಕೊಡುವ "ಫ್ಯಾನ್ ಹಾಕಿದರೆ ಸಾಕು" ಎಂಬ ಬೇಸಿಗೆಯ ಸಲಹೆಯನ್ನು ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಹಾಗೇ ಪಾಲಿಸಬೇಡಿ. ನಾನು ಪಾಲಿಸಿದೆ. ಮೂರು ವರ್ಷ ಸಾಕಿದ ಟ್ಯಾಂಕಿನ ಅರ್ಧ ಜೀವಗಳು 2024ರ ಮೇ ತಿಂಗಳಲ್ಲಿ ಎರಡೇ ದಿನದಲ್ಲಿ ಹೋದವು.

ಟ್ಯಾಂಕ್ ಏನೂ ದೊಡ್ಡದಲ್ಲ. ಒಟ್ಟು 200 ಲೀಟರ್ ನೀರು. ಒಂದು ಜೋಡಿ ಕ್ಲೌನ್ ಮೀನು, ಒಂದು ಕ್ಲೀನರ್ ಸಿಗಡಿ, ಉಳಿದದ್ದೆಲ್ಲ ಮೆದು ಹವಳ: ಝೋವಾ, ಮಶ್ರೂಮ್, ಝೀನಿಯಾ, ಒಂದು ದೊಡ್ಡ ಲೆದರ್. ಕ್ಲೌನ್ ಮೀನು ಸಮುದ್ರದಲ್ಲಿ ಮನೆ ಮಾಡಿಕೊಳ್ಳುವ ಹೂವಿನಂಥ ಜೀವಿ ಅನಿಮೋನ್ ನಮ್ಮಲ್ಲಿ ಇಲ್ಲದ್ದಕ್ಕೆ ಕ್ಲೌನ್‌ಗಳು ಆ ಲೆದರಿನಲ್ಲೇ ಸಂಸಾರ ಹೂಡಿದ್ದವು. (ಗಟ್ಟಿ ಹವಳ ಯಾಕಿಲ್ಲ ಅಂತ ಕೇಳುವವರಿಗೆ: ಅವು 2001ರಿಂದ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಿನಲ್ಲಿವೆ, ಹುಲಿಯ ಜೊತೆಗೆ. ಅಂಗಡಿಯವರು ಏನೇ ಹೇಳಲಿ, ಮುಟ್ಟಬೇಡಿ.)

ಬೆಂಗಳೂರಿನಲ್ಲಿದ್ದಾಗ ನನ್ನ ಬೇಸಿಗೆಯ ಏರ್ಪಾಡು ಎರಡು ಕ್ಲಿಪ್ ಫ್ಯಾನ್, ಅಷ್ಟೇ. ನೀರಿನ ಮೇಲೆ ಓರೆಯಾಗಿ ಬೀಸುವ ಹಾಗೆ ಗಾಜಿನ ಅಂಚಿಗೆ ಸಿಕ್ಕಿಸಿದ್ದೆ. ಏಪ್ರಿಲಿನಲ್ಲಿ ಹಾಲ್ 32 ಡಿಗ್ರಿ ಇದ್ದರೂ ನೀರು 27 ದಾಟುತ್ತಿರಲಿಲ್ಲ. ಇದ್ದ ಗೋಳು ಒಂದೇ. ದಿನಕ್ಕೆ ನಾಲ್ಕು ಲೀಟರ್ ನೀರು ಆವಿಯಾಗುತ್ತಿತ್ತು. ಉಪ್ಪು ಮಾತ್ರ ಒಳಗೇ ಉಳಿಯುತ್ತದಲ್ವಾ, ಹಾಗಾಗಿ ಅಷ್ಟನ್ನೂ ಆರ್‌ಓ ಸಿಹಿನೀರಿನಲ್ಲಿ ತುಂಬಿಸಬೇಕಿತ್ತು. ಅದಕ್ಕೆಂದೇ ಟ್ಯಾಂಕ್ ಪಕ್ಕ ಒಂದು ನೀಲಿ ಬಕೆಟ್ ಇಟ್ಟು, ಸಣ್ಣ ಪಂಪ್ ಹಾಕಿದ್ದೆ.

2024ರ ಜನವರಿಯಲ್ಲಿ ಮಂಗಳೂರಿಗೆ ವರ್ಗವಾಯಿತು. ಮೇಲೆ ನೇರ ತಾರಸಿ ಇರುವ ಬಾಡಿಗೆ ಮನೆ. ಮಾರ್ಚ್ ಬಂತು, ಫ್ಯಾನ್ ಹಾಕಿದೆ. ಬಕೆಟ್ ನೋಡಿದರೆ ಖುಷಿಯೋ ಖುಷಿ. ಎರಡು ದಿನವಾದರೂ ಮೂರು ಲೀಟರ್ ಕೂಡ ಇಳಿದಿಲ್ಲ! ನೀರು ಹೊರುವ ಕೆಲಸ ತಪ್ಪಿತು ಅಂತ ಹೆಂಡತಿಯ ಹತ್ತಿರ ಹೇಳಿಕೊಂಡೆ ಕೂಡ. ಟ್ಯಾಂಕ್ ಆಗಲೇ 29ರಲ್ಲಿತ್ತು. ಹೊಸ ಊರು, ಸ್ವಲ್ಪ ಜಾಸ್ತಿ ಇರುತ್ತದೆ ಅಂದುಕೊಂಡೆ.

ಪಕ್ಕದ ಮನೆಯ ಅಕ್ಕ ಒಂದು ದಿನ ಫ್ಯಾನ್ ನೋಡಿ ನಕ್ಕರು. "ಇಲ್ಲಿ ನಮ್ಮ ಟವೆಲ್ಲೇ ಒಣಗುದಿಲ್ಲ ಮಾರಾಯ್ರೆ, ನೀವು ಮೀನಿಗೆ ಫ್ಯಾನ್ ಹಾಕಿ ಎಂತ ಪ್ರಯೋಜನ?" ನಾನೂ ನಕ್ಕೆ. ಇಡೀ ವಿಷಯ ಆ ಒಂದು ಮಾತಿನಲ್ಲಿತ್ತು.

ಫ್ಯಾನ್ ನೀರಿಗೆ ತಣ್ಣನೆ ಗಾಳಿ ಕೊಡುವುದಿಲ್ಲ. ನೀರನ್ನು ಆವಿ ಮಾಡಿಸುತ್ತದೆ, ಆವಿ ಶಾಖ ಹೊತ್ತುಕೊಂಡು ಹೋಗುತ್ತದೆ. ಮಣ್ಣಿನ ಹೂಜಿಯ ಲೆಕ್ಕವೇ ಇದು. ರಾಯಚೂರಿನ ಒಣ ಬಿಸಿಲಲ್ಲಿ ಹೂಜಿಯ ನೀರು ತಣ್ಣಗೆ ಕೊರೆಯುತ್ತದೆ, ಮಂಗಳೂರಿನ ಮೇ ತಿಂಗಳಲ್ಲಿ ಅದೇ ಹೂಜಿ ಸುಮ್ನೆ ಬೆವರುತ್ತಾ ಕೂತಿರುತ್ತದೆ. ಒಂದು ಲೀಟರ್ ಆವಿಯಾದರೆ 200 ಲೀಟರ್ ನೀರಿನಿಂದ ಸುಮಾರು 3 ಡಿಗ್ರಿಯಷ್ಟು ಶಾಖ ಹೋಗುತ್ತದೆ. ನನ್ನ ಬಕೆಟ್ ಇಳಿಯುತ್ತಿರಲಿಲ್ಲ ಎಂದರೆ ಟ್ಯಾಂಕ್ ತಣ್ಣಗಾಗುತ್ತಿರಲಿಲ್ಲ ಎಂದೇ ಅರ್ಥ. ನಾನು ಅದನ್ನು ನೋಡಿ ಖುಷಿಪಟ್ಟಿದ್ದೆ!

ಇದನ್ನು ನಿಮ್ಮ ಮನೆಯಲ್ಲೇ ಅಳೆಯಬಹುದು. ಸಾದಾ ಗಾಜಿನ ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆಯ ಚೂರು ಸುತ್ತಿ, ಫ್ಯಾನ್ ಮುಂದೆ ಹತ್ತು ನಿಮಿಷ ಇಡಿ. ಎಲ್ಲಿಗೆ ಇಳಿದು ನಿಲ್ಲುತ್ತದೋ, ಅದಕ್ಕಿಂತ ಕೆಳಗೆ ಯಾವ ಫ್ಯಾನೂ ನಿಮ್ಮ ನೀರನ್ನು ಇಳಿಸಲಾರದು. ನಮ್ಮ ಮನೆಯಲ್ಲಿ ಅದು 29ಕ್ಕೆ ನಿಂತಿತು. ಅದರ ಮೇಲೆ ಪಂಪಿನ ಬಿಸಿ, ಲೈಟಿನ ಬಿಸಿ ಬೇರೆ. ಈ ಪರೀಕ್ಷೆ ಮಾಡಿದ್ದು ಎಲ್ಲ ಮುಗಿದ ಮೇಲೆ, ಬಿಡಿ.

ಮೇ ಮಧ್ಯದಲ್ಲಿ ಕುಂದಾಪುರದಲ್ಲಿ ಮದುವೆ. ಮಳೆ ಬಂದರೆ ಇರಲಿ ಅಂತ ಕಿಟಕಿ ಎಲ್ಲ ಮುಚ್ಚಿ, ಫ್ಯಾನ್ ಹಾಕಿ ಹೊರಟೆವು. ಮುಚ್ಚಿದ ಕೋಣೆಯಲ್ಲಿ ಅಷ್ಟಿಷ್ಟು ಆವಿ ಆಗಿದ್ದೂ ಅಲ್ಲೇ ಉಳಿಯಿತು. ಮರುದಿನ ರಾತ್ರಿ ಬಾಗಿಲು ತೆಗೆದಾಗ ಮೊದಲು ಬಂದದ್ದು ವಾಸನೆ, ಹಳೇ ಮೀನು ಮಾರ್ಕೆಟ್ಟಿನದ್ದು. ನೀರು 32.4. ಝೀನಿಯಾ ಬೂದು ಲೋಳೆಯಾಗಿ ಕಲ್ಲಿನಿಂದ ಇಳಿಬಿದ್ದಿತ್ತು. ಕಂದು ಬಣ್ಣದ ಲೆದರ್ ಮಾಸಲು ಬಿಳಿಯಾಗಿ ಒಂದು ಕಡೆಗೆ ವಾಲಿತ್ತು. ಹವಳದ ಮೈಯೊಳಗೆ ಬದುಕುವ ಪಾಚಿ ಅದಕ್ಕೆ ಬಣ್ಣವನ್ನೂ ಕೊಡುತ್ತದೆ, ಊಟವನ್ನೂ ಹಾಕುತ್ತದೆ. ನೀರು ಬಿಸಿಯಾದಾಗ ಹವಳ ಅದನ್ನೇ ಹೊರಗೆ ಹಾಕಿಬಿಡುತ್ತದೆ. ಅದೇ ಬೇಸಿಗೆಯಲ್ಲಿ ಇಲ್ಲಿಂದ ಪಶ್ಚಿಮಕ್ಕೆ ಲಕ್ಷದ್ವೀಪದ ಹವಳವೂ ಬಿಳಿಚಿಕೊಂಡಿತ್ತು. ಕ್ಲೌನ್‌ಗಳೆರಡೂ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಸಾಲದ್ದಕ್ಕೆ ಸತ್ತು ಕೊಳೆಯುವುದು ಉಳಿದ ಆಮ್ಲಜನಕವನ್ನೂ ಎಳೆದುಕೊಳ್ಳುತ್ತದೆ. ಏರ್ ಪಂಪ್ ಹಾಕಿದೆ. ಆ ರಾತ್ರಿ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ.

ಫ್ರಿಜ್ಜಿನ ಐಸ್ ಯಾವ ಮೂಲೆಗೂ ಸಾಲಲಿಲ್ಲ. ಬೆಳಿಗ್ಗೆ ಆರಕ್ಕೆ ಧಕ್ಕೆಗೆ (ಮೀನುಗಾರಿಕೆ ಬಂದರಿಗೆ) ಓಡಿ, ಮೀನಿಗೆ ಹಾಕುವ ಐಸ್ ಹತ್ತು ಹನ್ನೆರಡು ಕೆಜಿ ತಂದೆ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸಂಪ್‌ಗೆ, ಅಂದರೆ ಟ್ಯಾಂಕಿನ ಕೆಳಗಿರುವ ಫಿಲ್ಟರ್ ತೊಟ್ಟಿಗೆ, ಇಳಿಸಿದೆ. ಒಂದೇ ಗಂಟೆಯಲ್ಲಿ 32ರಿಂದ 27ಕ್ಕೆ ಬಂತು. ಗೆದ್ದೆ ಅಂದುಕೊಂಡೆ. ಒಂದು ಚೀಲ ಐಸಿನ ಮೂಲೆ ತಾಗಿ ಹರಿದಿದ್ದನ್ನು ನೋಡಲೇ ಇಲ್ಲ. ಯಾವ ನೀರಿನ ಐಸೋ ಏನೋ, ಕರಗಿ ಅಷ್ಟೂ ಟ್ಯಾಂಕಿಗೆ ಸೇರಿತು. ರಾತ್ರಿಯಿಡೀ ಬಿಸಿ ತಡೆದುಕೊಂಡಿದ್ದ ಸಿಗಡಿ ಮಧ್ಯಾಹ್ನದ ಹೊತ್ತಿಗೆ ಮಗುಚಿ ಬಿತ್ತು.

ಐಸ್ ಹಾಕಲೇಬೇಕಾಗಿ ಬಂದರೆ ಮುಚ್ಚಳ ಭದ್ರವಾಗಿರುವ ಬಾಟಲಿಯಲ್ಲೇ ಹಾಕಿ. ತುಂಬುವಾಗ ಮೇಲೆ ಸ್ವಲ್ಪ ಜಾಗ ಬಿಡಿ, ಇಲ್ಲದಿದ್ದರೆ ಬಾಟಲಿ ಒಡೆಯುತ್ತದೆ. ಒಂದು ಲೀಟರಿನ ಒಂದು ಬಾಟಲಿ 200 ಲೀಟರಿನಲ್ಲಿ ಹೆಚ್ಚು ಕಡಿಮೆ ಅರ್ಧ ಡಿಗ್ರಿ ಇಳಿಸುತ್ತದೆ. ಗಂಟೆಗೆ ಒಂದು ಡಿಗ್ರಿಗಿಂತ ಜಾಸ್ತಿ ಇಳಿಸಬೇಡಿ.

ಆಮೇಲೆ ಚಿಲ್ಲರ್, ಅಂದರೆ ಟ್ಯಾಂಕಿನ ನೀರನ್ನು ತಣ್ಣಗೆ ಮಾಡುವ ಯಂತ್ರ, ತಂದೆ. ಎರಡು ತಿಂಗಳ ಬಾಡಿಗೆಯಷ್ಟು ದುಡ್ಡು. "1/10 ಎಚ್‌ಪಿ ಧಾರಾಳ ಸಾಕು ಸಾರ್, ಸ್ಟ್ಯಾಂಡ್ ಒಳಗೇ ಕೂರುತ್ತದೆ" ಅಂದರು ಅಂಗಡಿಯಲ್ಲಿ. ಕೂತಿತು. ಹಗಲೂ ರಾತ್ರಿ ಓಡಿತು, ನೀರು 29ಕ್ಕಿಂತ ಕೆಳಗೆ ಬರಲಿಲ್ಲ. ಸ್ಟ್ಯಾಂಡಿನ ಬಾಗಿಲು ತೆಗೆದು ಕೈ ಇಟ್ಟರೆ ಒಲೆಯ ಬಾಯಿ. ತಾನೇ ಬಿಟ್ಟ ಬಿಸಿಗಾಳಿಯನ್ನು ತಾನೇ ಎಳೆದುಕೊಳ್ಳುತ್ತಿತ್ತು. ಬೀರುವಿನೊಳಗೆ ಫ್ರಿಜ್ ಇಟ್ಟಂತೆ. ಹೊರಗೆ ತೆಗೆದು, ಗಾಳಿ ಕಿಟಕಿಯ ಕಡೆ ಹೋಗುವ ಹಾಗೆ ತಿರುಗಿಸಿದ ಮೇಲೆ ಎರಡನೇ ದಿನಕ್ಕೆ 27 ಕಂಡಿತು. ಕೊಳ್ಳುವಾಗ ನಿಮ್ಮ ಊರಿನ ಮೇ ತಿಂಗಳ ಲೆಕ್ಕ ಹಾಕಿ, ಒಂದು ಸೈಜ್ ದೊಡ್ಡದನ್ನೇ ತನ್ನಿ. ಡಬ್ಬದ ಮೇಲೆ ಬರೆದ ಲೀಟರ್ ಲೆಕ್ಕ ಸೆಕೆಯ ಊರಿಗೆ ಆಗಿಬರುವುದಿಲ್ಲ.

ಈಗ ಟ್ಯಾಂಕನ್ನು ಎಸಿ ಇರುವ ಸಣ್ಣ ಕೋಣೆಗೆ ಸಾಗಿಸಿದ್ದೇವೆ. ಮಾರ್ಚಿನಿಂದ ಮಳೆ ಹಿಡಿಯುವವರೆಗೆ ಮಧ್ಯಾಹ್ನ 27ಕ್ಕೆ ಹಾಕಿಡುತ್ತೇನೆ. ಎಸಿ ಗಾಳಿಯ ತೇವವನ್ನೂ ತೆಗೆಯುವುದರಿಂದ ಅದೇ ಹಳೇ ಕ್ಲಿಪ್ ಫ್ಯಾನ್‌ಗಳು ಮತ್ತೆ ಕೆಲಸ ಮಾಡುತ್ತಿವೆ. ಚಿಲ್ಲರ್ ಯಾವಾಗಲೋ ಒಮ್ಮೆ ಗುರ್ರೆನ್ನುತ್ತದೆ. ಕರೆಂಟ್ ಹೋದರೆ ಇರಲಿ ಅಂತ ಬ್ಯಾಟರಿಯ ಏರ್ ಪಂಪ್ ಇದೆ, ಫ್ರೀಜರಿನಲ್ಲಿ ಆರು ಬಾಟಲಿ ಇದೆ. ಹೆಂಡತಿಯ ದೋಸೆ ಹಿಟ್ಟಿಗೆ ಫ್ರಿಜ್ಜಿನಲ್ಲಿ ಜಾಗವಿಲ್ಲ ಅನ್ನುವುದು ಬೇರೆ ಜಗಳ.

ನೀಲಿ ಬಕೆಟ್ ದಿನಕ್ಕೆ ಮೂರು ಲೀಟರ್ ಇಳಿಯುತ್ತದೆ. ನೀರು ಹೊರುವುದು ನಾನೇ. ಲೆದರಿನ ಬುಡ ಹೇಗೋ ಉಳಿದುಕೊಂಡಿತ್ತು, ಎರಡು ಬೆರಳಗಲ ಚಿಗುರಿದೆ. ಸಂಸಾರಕ್ಕೆ ಅಷ್ಟು ಜಾಗ ಸಾಲದು ಅಂತ ಕಾಣುತ್ತದೆ, ಕ್ಲೌನ್‌ಗಳು ಇನ್ನೂ ಪಂಪಿನ ಮಗ್ಗುಲಲ್ಲೇ ಮಲಗುತ್ತವೆ.