ಬಾಡಿಗೆ ಸ್ಕ್ಯಾನರ್‌ನಲ್ಲಿ ಕೇಳಿದ ಕ್ಯಾಮ್ರಿ

ಬಿಡದಿಯ ಟೊಯೊಟಾ ಕಾರ್ಖಾನೆಯ ವೆಲ್ಡಿಂಗ್ ವಿಭಾಗದಲ್ಲಿ ನಾನು ಇಪ್ಪತ್ತೆರಡು ವರ್ಷ ದುಡಿದೆ. ಕಿವಿಗೆ ಪ್ಲಗ್ ಇಟ್ಟುಕೊಳ್ಳದೆ ಒಂದು ದಿನವೂ ಲೈನಿಗೆ ಇಳಿದವನಲ್ಲ. ಕಿವಿಯ ಮೇಲೆ ಕೂರುವ ವಸ್ತು ಯಾವುದೇ ಇರಲಿ, ಅದರ ಗುಣದೋಷ ನನಗೆ ಬೇಗ ಗೊತ್ತಾಗುತ್ತದೆ. 2025ರ ಮೇ 25ರಂದು ಅಮೆರಿಕದ ಶಾರ್ಲಟ್ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆದ ಕೋಕಾ-ಕೋಲಾ 600 ಎಂಬ ನಾಸ್ಕಾರ್ ಕಾರು ರೇಸಿಗೆ ಹೋದಾಗ ಹೊರಗಿನ ಮಳಿಗೆಯೊಂದರಲ್ಲಿ, ತಂಡಗಳ ರೇಡಿಯೊ ಮಾತು ಕೇಳಿಸುವ ಸ್ಕ್ಯಾನರ್ ಮತ್ತು ಹೆಡ್‌ಸೆಟ್ ಬಾಡಿಗೆಗೆ ಪಡೆದೆ. ಈ ವಿಮರ್ಶೆ ಆ ಉಪಕರಣದ ಬಗ್ಗೆ. ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋದವರು ಈ ರೇಸ್ ನೋಡಲು ಹೊರಟರೆ ಅವರಿಗೆ ಉಪಯೋಗವಾಗಲಿ ಎಂದು ವಿವರವಾಗಿಯೇ ಬರೆಯುತ್ತಿದ್ದೇನೆ.

ಬಾಡಿಗೆ ಐವತ್ತು ಡಾಲರ್‌ಗೂ ಸ್ವಲ್ಪ ಮೇಲೆ. ಮುಂಗಡವಾಗಿ ಕ್ರೆಡಿಟ್ ಕಾರ್ಡಿನಲ್ಲಿ ಒಂದಿಷ್ಟು ಹಣ ಹಿಡಿದಿಡುತ್ತಾರೆ. ರೂಪಾಯಿಯಲ್ಲಿ ಲೆಕ್ಕ ಹಾಕಿ ನಾನು ಹಿಂದೆ ಸರಿದಿದ್ದೆ. "ಅಪ್ಪಾ, ಇದಿಲ್ಲದೆ ಕೂತರೆ ಬರೀ ಸದ್ದು ಕೇಳಿಸಿಕೊಂಡು ಬರುತ್ತೀರಿ" ಎಂದು ಮಗಳು ಒತ್ತಾಯಿಸಿದಳು. ಅವಳು ಹೇಳಿದ್ದು ನಿಜವಾಗಿತ್ತು.

ಉಪಕರಣ ಅಂಗೈಯಗಲದ್ದು. ಕಾರಿನ ಸಂಖ್ಯೆ ಒತ್ತಿದರೆ ಆ ಕಾರಿನ ಚಾಲಕ, ಪಿಟ್‌ನಲ್ಲಿ (ಇಂಧನ, ಟೈರಿಗಾಗಿ ಕಾರು ನಿಲ್ಲುವ ಜಾಗ) ಕುಳಿತ ಅವನ ತಂಡದ ಮುಖ್ಯಸ್ಥ ಮತ್ತು ಸ್ಪಾಟರ್ ಮಾತನಾಡುವುದು ನೇರವಾಗಿ ಕಿವಿಗೆ ಬೀಳುತ್ತದೆ. ಸ್ಪಾಟರ್ ಎಂದರೆ ಗ್ಯಾಲರಿಯ ನೆತ್ತಿಯಲ್ಲಿ ನಿಂತು ಚಾಲಕನಿಗೆ ಕಣ್ಣಾಗುವವನು. ಪಕ್ಕದಲ್ಲಿ ಯಾರಿದ್ದಾರೆ, ಹಿಂದೆ ಎಷ್ಟು ಜಾಗ ಇದೆ, ಮುಂದಿನ ತಿರುವಿನಲ್ಲಿ ಯಾರು ಜಾರಿದರು ಎಂಬುದನ್ನೆಲ್ಲ ಅವನು ಉಸಿರು ಬಿಡದೆ ಹೇಳುತ್ತಿರುತ್ತಾನೆ. ತಂಡಗಳ ಈ ಮಾತು ಗುಟ್ಟಿನದಲ್ಲ, ದುಡ್ಡು ಕೊಟ್ಟ ಯಾರಾದರೂ ಕೇಳಬಹುದು. ಬೇರೆ ಯಾವ ಆಟದಲ್ಲಿ ಪ್ರೇಕ್ಷಕನಿಗೆ ಇಷ್ಟು ಹತ್ತಿರದ ಜಾಗ ಸಿಗುತ್ತದೆ?

ನಾನು ಮೊದಲು ಒತ್ತಿದ್ದು 19. ಅದು ಜೋ ಗಿಬ್ಸ್ ರೇಸಿಂಗ್ ತಂಡದ ಟೊಯೊಟಾ ಕ್ಯಾಮ್ರಿ. ಚಾಲಕ ಚೇಸ್ ಬ್ರಿಸ್ಕೋ ಅಂದು ಎಲ್ಲರಿಗಿಂತ ಮುಂದೆ ನಿಂತು ಹೊರಡುವವರಿದ್ದರು. ಬಿಡದಿಯಲ್ಲೂ ಕ್ಯಾಮ್ರಿ ಜೋಡಣೆಯಾಗುತ್ತದೆ. ಅದು ಹೈಬ್ರಿಡ್, ಕಾರ್ಖಾನೆಯ ಗೇಟನ್ನು ಸದ್ದಿಲ್ಲದೆ ದಾಟುವ ಕಾರು. ಇಲ್ಲಿ ಅದೇ ಹೆಸರು ಹೊತ್ತ ಕಾರು ಚಾಲೂ ಆದಾಗ ನಾನು ಕುಳಿತಿದ್ದ ಅಲ್ಯೂಮಿನಿಯಂ ಬೆಂಚು ನಡುಗಿತು. ಹೆಸರು, ಮುಖದ ಆಕಾರ ಮತ್ತು ಎಂಜಿನ್ ಬಿಟ್ಟರೆ ಒಳಗಿನ ಬಹುಪಾಲು ಟೊಯೊಟಾದ್ದಲ್ಲ. 2022ರಲ್ಲಿ ಬಂದ ಹೊಸ ಮಾದರಿಯ ನಿಯಮದಂತೆ ಷೆವರ್ಲೆ, ಫೋರ್ಡ್, ಟೊಯೊಟಾ ಮೂರಕ್ಕೂ ಚೌಕಟ್ಟು ಒಂದೇ ಕಡೆಯಿಂದ ಬರುತ್ತದೆ. ಮುಂದಿನ ದೀಪಗಳು ಕೂಡ ದೀಪಗಳಲ್ಲ, ಅಂಟಿಸಿದ ಚಿತ್ರಗಳು.

ಸ್ಕ್ಯಾನರ್ ಆರಿಸಿ, ಹೆಡ್‌ಸೆಟ್ಟನ್ನು ಒಂದು ಬೆರಳಿನಷ್ಟು ಸಡಿಲಿಸಿ, ಹತ್ತು ಸುತ್ತು ಕಣ್ಣು ಮುಚ್ಚಿಕೊಂಡು ಕುಳಿತೆ. ಯಾವುದು ಟೊಯೊಟಾ, ಯಾವುದು ಷೆವರ್ಲೆ ಎಂದು ಸದ್ದಿನಿಂದಲೇ ಹೇಳಲು ಪ್ರಯತ್ನಿಸಿದೆ. ಆಗಲಿಲ್ಲ. ಎಲ್ಲವೂ 358 ಘನ ಅಂಗುಲದ, ಅಂದರೆ ಸುಮಾರು 5.86 ಲೀಟರಿನ ವಿ8 ಎಂಜಿನ್‌ಗಳು. ಕವಾಟಗಳನ್ನು ಉದ್ದನೆಯ ಪುಷ್‌ರಾಡ್‌ಗಳಿಂದ ತಳ್ಳಿ ತೆರೆಯುವ ಹಳೆಯ ಅಮೆರಿಕನ್ ವಿನ್ಯಾಸ. ಈ ಪಂದ್ಯಕ್ಕೆ ಬರುವ ಹೊತ್ತಿಗೆ ಟೊಯೊಟಾ ಮಾರುತ್ತಿದ್ದ ಯಾವ ಕಾರಿನಲ್ಲೂ ಇಂಥ ಎಂಜಿನ್ ಇರಲಿಲ್ಲ. ಅತ್ಯಾಧುನಿಕ ಎಂಜಿನ್ ಮಾಡಬಲ್ಲ ಕಂಪನಿ ಈ ಪಂದ್ಯಕ್ಕೆ ಬರಲು ಎರಕದ ಕಬ್ಬಿಣದ ಬ್ಲಾಕ್, ಪುಷ್‌ರಾಡ್, ಕಾರ್ಬ್ಯುರೇಟರ್ ಇರುವ ಎಂಜಿನನ್ನು ಮೊದಲಿನಿಂದ ಕಟ್ಟಬೇಕಾಯಿತು. (ಕಾರ್ಬ್ಯುರೇಟರ್ ಹೋಗಿ ಇಂಧನ ಚಿಮ್ಮಿಸುವ ವ್ಯವಸ್ಥೆ ಬಂದದ್ದು 2012ರಲ್ಲಿ.) ಬೇರೆಯವರ ಅಜ್ಜನ ಕೆಲಸವನ್ನು ಅವರ ಅಂಗಳದಲ್ಲೇ ನಿಂತು ಕಲಿಯುವುದಕ್ಕೆ ದೊಡ್ಡ ತಾಳ್ಮೆ ಬೇಕು. ಕೈಕೆಲಸದವನಾದ ನನಗೆ ಟೊಯೊಟಾದ ಗೆಲುವುಗಳಿಗಿಂತ ಈ ಕಲಿಕೆಯ ಮೇಲೆ ಹೆಚ್ಚು ಗೌರವ.

ಟೊಯೊಟಾದವರು ಒಮ್ಮೆಗೇ ನಾಸ್ಕಾರ್‌ನ ಮೇಲಿನ ದರ್ಜೆಗೆ ನುಗ್ಗಲಿಲ್ಲ. 2000ದಲ್ಲಿ ಸೆಲಿಕಾ ಕಾರಿನೊಂದಿಗೆ ಸಣ್ಣ ಸರಣಿಯೊಂದಕ್ಕೆ ಬಂದರು. 2004ರಲ್ಲಿ ಟುಂಡ್ರಾದೊಂದಿಗೆ ಟ್ರಕ್ ಸರಣಿಗೆ ಬಂದು ಅದೇ ವರ್ಷ ಮಿಷಿಗನ್‌ನಲ್ಲಿ ಮೊದಲ ಗೆಲುವು ಕಂಡರು. 2007ರಲ್ಲಿ ಮೇಲಿನ ದರ್ಜೆಯಾದ ಕಪ್ ಸರಣಿ ಸೇರಿದಾಗ ಕಷ್ಟದ ಕಾಲ ಎದುರಾಯಿತು. ಡೇಟೋನಾದಲ್ಲಿ ಚಾಲಕ ಮೈಕೆಲ್ ವಾಲ್ಟ್ರಿಪ್ ಅವರ ಕ್ಯಾಮ್ರಿಯ ಎಂಜಿನ್‌ನಲ್ಲಿ ನಿಷಿದ್ಧ ವಸ್ತು ಪತ್ತೆಯಾಗಿ 100 ಅಂಕ ಕಳೆದರು, ತಂಡದ ಮುಖ್ಯಸ್ಥನಿಗೆ 1,00,000 ಡಾಲರ್ ದಂಡ ಬಿತ್ತು. ಆ ವರ್ಷವಿಡೀ ಕ್ಯಾಮ್ರಿ ಒಂದು ಕಪ್ ರೇಸನ್ನೂ ಗೆಲ್ಲಲಿಲ್ಲ. 2008ರ ಮಾರ್ಚ್ 9ರಂದು ಅಟ್ಲಾಂಟಾದಲ್ಲಿ ಕೈಲ್ ಬುಷ್ ಕ್ಯಾಮ್ರಿಯಲ್ಲಿ ಗೆದ್ದರು. ಅದಕ್ಕೆ ಮೊದಲು ವಿದೇಶಿ ಹೆಸರಿನ ಕಾರು ಈ ದರ್ಜೆಯಲ್ಲಿ ಗೆದ್ದಿದ್ದು 1954ರ ಜೂನ್ 13ರಂದು, ನ್ಯೂಜೆರ್ಸಿಯ ಲಿಂಡನ್‌ನಲ್ಲಿ. ವಿಮಾನ ನಿಲ್ದಾಣದಲ್ಲಿ ಗುರುತು ಮಾಡಿದ ಹಾದಿಯ ಮೇಲೆ ಆಲ್ ಕೆಲ್ಲರ್ ಓಡಿಸಿದ ಜಾಗ್ವಾರ್ ಎಕ್ಸ್‌ಕೆ120 ಅದು. ಎರಡು ಗೆಲುವುಗಳ ನಡುವೆ ಸುಮಾರು 54 ವರ್ಷ!

ಇದನ್ನೆಲ್ಲ ಪಕ್ಕದ ಆಸನದ ಹಿರಿಯರಿಗೆ ಹೇಳಿದೆ. ಎಪ್ಪತ್ತು ದಾಟಿದವರು, ತಲೆಯ ಮೇಲೆ ಮಾಸಿದ ಷೆವರ್ಲೆ ಟೋಪಿ. ಊರು ಪಕ್ಕದ ಕನ್ನಾಪೊಲಿಸ್, ಅಂದರೆ ಹೆಸರಾಂತ ರೇಸ್ ಚಾಲಕ ಡೇಲ್ ಅರ್ನ್‌ಹಾರ್ಟ್ ಹುಟ್ಟಿದ ಊರು. ಜಾಗ್ವಾರ್‌ನ ಕಥೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಬಿಡದಿಯಲ್ಲಿ ಕೆಲಸ ಮಾಡಿದವನೆಂದು ಕೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ತಮ್ಮ ಮಾತು ಹೇಳಿದರು. ಊರಿನ ಟವೆಲ್ ಗಿರಣಿಯಲ್ಲಿ ಅವರೂ ಅವರ ಹೆಂಡತಿಯೂ ಕೆಲಸದಲ್ಲಿದ್ದರು. 2003ರ ಬೇಸಿಗೆಯಲ್ಲಿ ಗಿರಣಿ ಮುಚ್ಚಿತು; ಒಂದೇ ದಿನ ಸಾವಿರಾರು ಜನ ಮನೆಗೆ ಹೋದರು. ನೂಲು, ಬಟ್ಟೆ ಎಲ್ಲ ಹೊರದೇಶದಿಂದ ಬರತೊಡಗಿತ್ತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅವರ ಭಾನುವಾರದ ಟ್ರ್ಯಾಕಿನ ಮೇಲೆ ಜಪಾನಿನ ಹೆಸರು ಬಂದಿಳಿಯಿತು. ಆ ವರ್ಷ ಕ್ಯಾಮ್ರಿ ಗೋಡೆಗೆ ಬಡಿದಾಗಲೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿದೆ ಎಂದರು.

ಅವರ ಕೋಪವನ್ನು ತಪ್ಪೆನ್ನಲು ನನಗೆ ಮನಸ್ಸು ಬರಲಿಲ್ಲ. ಗಿರಣಿಯ ಸೈರನ್ ನಿಂತ ಊರು ಹೇಗಿರುತ್ತದೆ ಎಂಬುದು ನಮ್ಮಲ್ಲೂ ಎಷ್ಟೋ ಮನೆಗಳಿಗೆ ಗೊತ್ತು. ಆದರೂ ಒಂದು ಮಾತನ್ನು ಹೇಳಲೇಬೇಕೆನಿಸಿ ಹೇಳಿದೆ. 2007ರಲ್ಲಿ ರಸ್ತೆಗೆ ಬರುತ್ತಿದ್ದ ಕ್ಯಾಮ್ರಿ ಕೆಂಟಕಿಯ ಜಾರ್ಜ್‌ಟೌನ್‌ನಲ್ಲಿ ತಯಾರಾಗುತ್ತಿತ್ತು. ಅದರ ಎದುರಾಳಿ ಫೋರ್ಡ್ ಫ್ಯೂಷನ್ ಬರುತ್ತಿದ್ದುದು ಮೆಕ್ಸಿಕೋದ ಎರ್ಮೊಸಿಯೊದಿಂದ, ಷೆವರ್ಲೆ ಇಂಪಾಲಾ ಕೆನಡಾದ ಒಷಾವಾದಿಂದ. ಆಗ ಕಣದಲ್ಲಿದ್ದ ಇನ್ನೊಂದು ಹೆಸರಾದ ಡಾಡ್ಜ್‌ನ ಮಾಲೀಕರು ಆ ವರ್ಷದ ಆರಂಭದಲ್ಲಿ ಇದ್ದದ್ದು ಜರ್ಮನಿಯ ಷ್ಟುಟ್‌ಗಾರ್ಟ್‌ನಲ್ಲಿ. ಹಾಗಾದರೆ ಪರದೇಶಿ ಯಾರು? ಹೆಸರು ಹುಟ್ಟಿದ ಊರು ನೋಡಬೇಕೇ, ಬೆಸುಗೆ ಹಾಕಿದ ಕೈ ನೋಡಬೇಕೇ? ನಾನಂತೂ ಕೈ ನೋಡುವವನು. ನನ್ನ ಕೈ ದಾಟಿಹೋದ ಕ್ವಾಲಿಸ್, ಇನ್ನೋವಾಗಳನ್ನು ಯಾರಾದರೂ ಜಪಾನಿನ ಗಾಡಿ ಎಂದರೆ ಈಗಲೂ ತಿದ್ದುತ್ತೇನೆ. ಹಿರಿಯರು ಒಪ್ಪಲಿಲ್ಲ, ಜಗಳವನ್ನೂ ಆಡಲಿಲ್ಲ. ಕಡಲೆಕಾಯಿಯ ಪೊಟ್ಟಣವನ್ನು ನನ್ನ ಕಡೆ ಚಾಚಿದರು.

ಸ್ಕ್ಯಾನರ್‌ಗೆ ಮರಳುತ್ತೇನೆ. ಹೆಡ್‌ಸೆಟ್ ಹೊರಗಿನ ಸದ್ದನ್ನು ತಡೆಯುವುದರಲ್ಲಿ ನಮ್ಮ ಕಾರ್ಖಾನೆಯ ಒಳ್ಳೆಯ ಇಯರ್‌ಮಫ್‌ಗೆ ಸಮ. ಮಾತು ಸ್ಪಷ್ಟ. ತೂಕ ಹೆಚ್ಚು, ಮೂರನೆಯ ಗಂಟೆಗೆ ಕಿವಿಯ ಸುತ್ತ ಬೆವರು ಕಟ್ಟಿ ತುರಿಕೆ ಬಂತು. ಕನ್ನಡಕ ಹಾಕುವವರಿಗೆ ಕಡ್ಡಿ ಒತ್ತುತ್ತದೆ, ತೆಳುವಾದ ಕಡ್ಡಿಯ ಕನ್ನಡಕ ಒಯ್ಯಿರಿ. ಭಾಷೆ ಹಿಡಿತಕ್ಕೆ ಬರಲು ಅರ್ಧ ಗಂಟೆ ಬೇಕು. ಚಾಲಕ "ಟೈಟ್" ಎಂದರೆ ಕಾರಿನ ಮೂತಿ ತಿರುಗುತ್ತಿಲ್ಲ, "ಲೂಸ್" ಎಂದರೆ ಹಿಂಭಾಗ ಜಾರುತ್ತಿದೆ. ಈ ಎರಡು ಪದ ತಿಳಿದರೆ ಅರ್ಧ ರೇಸ್ ತಿಳಿದಂತೆ. 24 ಡಿಗ್ರಿ ಓರೆಯಾದ ತಿರುವಿನಲ್ಲಿ, ಬಿಸಿಲು ಇಳಿದು ಟ್ರ್ಯಾಕ್ ತಣ್ಣಗಾದಂತೆ, ಸಂಜೆ ಸರಿಯಿದ್ದ ಕಾರು ರಾತ್ರಿ ಸರಿಯಿರುವುದಿಲ್ಲ. ಅದನ್ನು ಸರಿಪಡಿಸಲು ಪಿಟ್‌ನಲ್ಲಿ ಅವರು ನಡೆಸುವ ಚರ್ಚೆ ಕೇಳುತ್ತ ನನಗೆ ನಮ್ಮ ಪಾಳಿ ಬದಲಾವಣೆಯ ಸಭೆಗಳೇ ನೆನಪಾದವು. ಒತ್ತಡ ಎಷ್ಟು, ಬದಲಾಯಿಸಿದ್ದು ಏನು, ಫಲ ಏನು ಎಂಬ ಅದೇ ಮೂರು ಪ್ರಶ್ನೆಗಳು.

ಅರ್ಧ ದಾರಿಗೆ, ಎರಡನೆಯ ಹಂತ ಮುಗಿದಾಗ, ಎಲ್ಲ ಕಾರುಗಳನ್ನೂ ಪಿಟ್ ರಸ್ತೆಗೆ ಕರೆಸಿ ಎಂಜಿನ್ ಆರಿಸಿದರು. ಯುದ್ಧಗಳಲ್ಲಿ ಮಡಿದ ಸೈನಿಕರಿಗಾಗಿ ಮೌನ. ಪ್ರತಿ ಕಾರಿನ ಗಾಜಿನ ಮೇಲೂ ಮಡಿದ ಒಬ್ಬ ಯೋಧರ ಹೆಸರು; ಷೆವರ್ಲೆಯ ಮೇಲೆ ಇದ್ದಂತೆಯೇ ಕ್ಯಾಮ್ರಿಯ ಮೇಲೂ. ಹೆಡ್‌ಸೆಟ್ ತೆಗೆದೆ. ಅಷ್ಟು ದೊಡ್ಡ ಜನಸ್ತೋಮದಲ್ಲಿ ಬಾವುಟದ ಹಗ್ಗ ಕಂಬಕ್ಕೆ ತಗಲುವುದು ಕೇಳಿಸುತ್ತಿತ್ತು. ಹಿರಿಯರು ಟೋಪಿಯನ್ನು ಎದೆಗೆ ಒತ್ತಿ ಹಿಡಿದಿದ್ದರು.

ಅದಾದ ಸ್ವಲ್ಪ ಹೊತ್ತಿಗೆ ನನ್ನ ಸ್ಕ್ಯಾನರ್‌ನ ಬ್ಯಾಟರಿ ಸತ್ತಿತು. ಇದು ಮಳಿಗೆಯವರ ಅಕ್ಷಮ್ಯ ತಪ್ಪು. 600 ಮೈಲಿ, ಅಂದರೆ ಸುಮಾರು 966 ಕಿಲೋಮೀಟರ್, ಬೆಂಗಳೂರಿನಿಂದ ಮುಂಬೈಗೆ ಹೋಗುವಷ್ಟು ದೂರದ ರೇಸಿಗೆ ಅರ್ಧ ದಾರಿಯ ಬ್ಯಾಟರಿ ಕೊಡುವುದೇ? ಮಗಳು ಕೆಳಗೆ ಓಡಿದಳು. ಅಲ್ಲಿ ಉದ್ದದ ಸಾಲು. ಅವಳು ಬರುವವರೆಗೆ "ಇಗೋ, ಇದಕ್ಕೆ ಸಿಕ್ಕಿಸಿಕೊಳ್ಳಿ" ಎಂದು ಹಿರಿಯರು ತಮ್ಮ ಸ್ವಂತ ಸ್ಕ್ಯಾನರ್‌ನ ಎರಡನೆಯ ತೂತು ತೋರಿಸಿದರು. ಸಿಕ್ಕಿಸಿದೆ. ಯಾವುದೋ ಷೆವರ್ಲೆಯ ಮಾತು ಕೇಳಬೇಕೆಂದುಕೊಂಡಿದ್ದವನಿಗೆ ಕೇಳಿಸಿದ್ದು 19ರ ಸ್ಪಾಟರ್‌ನ ಧ್ವನಿ. ಅವರ ಮುಖ ನೋಡಿದೆ. ಮೊಮ್ಮಗಳು ಸಾಲ್ಸ್‌ಬರಿಯಲ್ಲಿರುವ ಟೊಯೊಟಾದ ರೇಸಿಂಗ್ ಕೇಂದ್ರದಲ್ಲಿ ಕೆಲಸಕ್ಕಿದ್ದಾಳೆ, ಅವಳ ಕೆಲಸ ಹೇಗೆ ನಡೆಯುತ್ತಿದೆ ಎಂದು ಕೇಳಿಸಿಕೊಳ್ಳುತ್ತೇನೆ ಎಂದರು. ಟೋಪಿ ಮಾತ್ರ ಬದಲಾಯಿಸುವುದಿಲ್ಲವಂತೆ. ಬದಲಾಯಿಸಬೇಕಾಗಿಯೂ ಇಲ್ಲ.

ಗೆದ್ದದ್ದು ಷೆವರ್ಲೆಯೇ. ವಿಲಿಯಂ ಬೈರನ್ 400 ಸುತ್ತುಗಳಲ್ಲಿ 283ರಲ್ಲಿ ಮುಂದಿದ್ದರು. ಡೆನ್ನಿ ಹ್ಯಾಮ್ಲಿನ್ ಅವರ ಕ್ಯಾಮ್ರಿ ಬೈರನ್ ಜೊತೆ ಸಮಸಮ ಸೆಣಸಿತ್ತು. ಕೊನೆಯ ಪಿಟ್ ನಿಲುಗಡೆಯಲ್ಲಿ ಇಂಧನ ಸಾಕಷ್ಟು ತುಂಬದೆ ಹಿಂದೆ ಬಿತ್ತು. ಆರು ಸುತ್ತು ಉಳಿದಿರುವಾಗ ರಾಸ್ ಚಾಸ್ಟೇನ್ ತಮ್ಮ ಷೆವರ್ಲೆಯಲ್ಲಿ ಬೈರನ್‌ರನ್ನು ದಾಟಿ ಗೆದ್ದರು. ಹಿಂದಿನ ದಿನದ ಅಭ್ಯಾಸದಲ್ಲಿ ಅವರ ಕಾರು ನಜ್ಜುಗುಜ್ಜಾಗಿ, ತಂಡದವರು ರಾತ್ರಿಯೆಲ್ಲ ದುಡಿದು ಬದಲಿ ಕಾರು ಸಿದ್ಧಪಡಿಸಿದ್ದರು. ಅವರು ಹೊರಟದ್ದು ನಲವತ್ತನೆಯ, ಅಂದರೆ ಕಟ್ಟಕಡೆಯ ಜಾಗದಿಂದ. ಕಲ್ಲಂಗಡಿ ಬೆಳೆಯುವ ಮನೆತನದ ಆ ಹುಡುಗ ಕಾರಿನ ಮೇಲೆ ನಿಂತು ಹಣ್ಣನ್ನು ನೆಲಕ್ಕೆ ಅಪ್ಪಳಿಸಿದಾಗ ನಾನು ಬ್ರಿಸ್ಕೋ ಮೂರನೆಯವರಾದ ಬೇಸರ ಮರೆತು ಎದ್ದು ನಿಂತಿದ್ದೆ. ಒಂದೇ ರಾತ್ರಿಯಲ್ಲಿ ಆ ಕಾರು ಕಟ್ಟಿದ ಕೈಗಳಿಗೆ ನನ್ನ ಚಪ್ಪಾಳೆ.

ಉಪಕರಣಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಮಳಿಗೆಗೆ ಎರಡು. ಬಾಡಿಗೆ ಪಡೆಯುವಾಗ ಇನ್ನೊಂದು ತುಂಬಿದ ಬ್ಯಾಟರಿಯನ್ನು ಕೇಳಿ ಪಡೆಯಿರಿ. ಎರಡು ಹೆಡ್‌ಸೆಟ್ ಸಿಕ್ಕಿಸುವ ಕವಲು ತಂತಿಯನ್ನೂ ಕೇಳಿ. ಇಬ್ಬರಿಗೆ ಒಂದು ಸ್ಕ್ಯಾನರ್ ಸಾಕು. ರೇಸ್ ಮುಗಿದ ಕೂಡಲೇ ಹಿಂತಿರುಗಿಸಲು ಓಡಬೇಡಿ. ಗೆದ್ದವರ ಮತ್ತು ಸೋತವರ ತಂಡಗಳು ಆಗ ಕೆಲವು ನಿಮಿಷ ರೇಡಿಯೊದಲ್ಲಿ ಮಾತನಾಡುತ್ತವೆ. ನಾನು 19ರ ಮಾತು ಪೂರ್ತಿ ನಿಲ್ಲುವವರೆಗೂ ಕುಳಿತಿದ್ದೆ. ಮಳಿಗೆ ತಲುಪಿದಾಗ ಸಾಲಿನಲ್ಲಿ ನಾನೇ ಕೊನೆಯವನಾಗಿದ್ದೆ.